ಭಾನುವಾರ ರಜೆ ಹಾಕುವ ಬೂಷ್ಟು

ಶಿವಮೊಗ್ಗದಲ್ಲಿ ನಿಮಗೆ ಜ್ವರ ಬಂದರೆ ಒಬ್ಬ ಡಾಕ್ಟರು. ನಿಮ್ಮ ಗಿಡಕ್ಕೆ ಬಂದರೆ ಊರೆಲ್ಲ ಡಾಕ್ಟರು. ಅಡಿಕೆಯ ಜಿಲ್ಲೆ ಇದು. ಕೊಳೆರೋಗದ ಬಗ್ಗೆ ಸ್ವಂತ ಅಭಿಪ್ರಾಯವಿಲ್ಲದವನಿಗೆ ಇಲ್ಲಿ ಹೆಣ್ಣು ಕೊಡುವುದಿಲ್ಲ. ನಾನು ಒಂದೇ ಒಂದು ಗಿಡ ಇಟ್ಟುಕೊಂಡಿದ್ದವಳು. ಅದರಿಂದ ಇಷ್ಟೆಲ್ಲ ಆಗಬೇಕಾಗಿರಲಿಲ್ಲ. ಆದರೆ ಒಂಟಿಯಾಗಿರುವವರ ಮನೆಯಲ್ಲಿ ಏನಾದರೂ ಆದರೆ ಅದು ಸಾರ್ವಜನಿಕ ವಿಷಯ. ಹಾಗಾಗಿ ಏನಾದರೂ ಆಗುತ್ತಲೇ ಇರುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ವಿದ್ಯಾನಗರದ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಒಂದು ಕೋಣೆ, ಒಂದು ಅಡಿಗೆಮನೆ, ಮುಂದೆ ಹೊರಗಿನ ಮೆಟ್ಟಿಲು ಬಂದು ಸೇರುವ ಬಾಲ್ಕನಿ, ಬಾಲ್ಕನಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ದಿನಾ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ಬರುವುದು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರು ಓದಿದವರಾದರೆ "ಜಾತಕ" ಎನ್ನುತ್ತಿದ್ದೆ, ಜಾತಕ ನಂಬುವವರಾದರೆ "ಓದು" ಎನ್ನುತ್ತಿದ್ದೆ. ಎರಡೂ ಕಡೆಯವರು ಸುಮ್ಮನಾಗುತ್ತಿದ್ದರು.

ಸೌದೆಗೆ ಟಿಕೆಟ್

ಕಾಲೇಜಿನವರೆಲ್ಲ ಸಕ್ರೆಬೈಲಿನ ಆನೆ ಬಿಡಾರಕ್ಕೆ ಪಿಕ್‌ನಿಕ್ ಹೋಗಿದ್ದೆವು. ಎಲ್ಲರೂ ಆನೆಯ ಪಕ್ಕ ಸಂಸಾರ ಸಮೇತ ನಿಂತು ಫೋಟೋ ತೆಗೆಸಿಕೊಂಡರು. ಕ್ಯಾಮೆರಾ ನನ್ನ ಕೈಗೆ ಕೊಟ್ಟರು. ಸಂಸಾರವಿಲ್ಲದವರು ಫೋಟೋ ಚೆನ್ನಾಗಿ ತೆಗೆಯುತ್ತಾರೆ ಎಂದು ಲೋಕದ ನಂಬಿಕೆ.

ವಾಪಸು ಬರುವಾಗ ರಸ್ತೆಗೆ ಬಿದ್ದ ಮರವೊಂದನ್ನು ಕೊಯ್ದು ಪಕ್ಕಕ್ಕೆ ತಳ್ಳಿದ್ದರು. ಒಂದು ಕೊಂಬೆಗೆ ಸೀತಾಳೆ ದಂಡೆ ಅಂಟಿಕೊಂಡಿತ್ತು. ಕಾಡಿನ ಆರ್ಕಿಡ್. ಹಗ್ಗದಂಥ ಬೇರು, ಪಟ್ಟಿಯಂಥ ಎಲೆ, ಮಳೆಗಾಲ ಹಿಡಿಯುವ ಹೊತ್ತಿಗೆ ಇಳಿಬೀಳುವ ತಿಳಿಗುಲಾಬಿ ಹೂವಿನ ದಂಡೆ. ಮರ ಕೊಯ್ಯುತ್ತಿದ್ದವನನ್ನು ಕೇಳಿದೆ. "ಹೆಂಗೂ ಒಲೆಗೆ ಹೋಗೋದು, ತಗೊಂಡ್ಹೋಗಿ" ಎಂದ.

ಮರುದಿನ ಕಾಲೇಜಿನ ಬಾಟನಿ ಮೇಷ್ಟ್ರಿಗೆ ತೋರಿಸೋಣವೆಂದು ಕೊಂಬೆ ಹಿಡಿದು ಬಸ್ಸು ಹತ್ತಿದೆ. ಕಂಡಕ್ಟರ್ ಬಂದ.

"ಲಗೇಜ್ ಮೇಡಂ."

"ಇದು ಗಿಡ ಕಣಪ್ಪ."

"ಗಿಡ ಮಣ್ಣಲ್ಲಿರುತ್ತೆ ಮೇಡಂ. ಇದು ಸೌದೆ."

"ಜೀವ ಇದೆ ಇದಕ್ಕೆ."

ಅವನು ಕೊಂಬೆಯನ್ನು ಮೇಲಿಂದ ಕೆಳಗೆ ನೋಡಿದ. "ಜೀವ ಇದ್ರೆ ಫುಲ್ ಟಿಕೆಟ್ ಆಗುತ್ತೆ. ಸೌದೆ ಅಂತಲೇ ಬರ್ಕೊಳ್ಲಾ?"

ನನ್ನ ಮನೆಯಲ್ಲಿ ನನ್ನ ಬಿಟ್ಟು ಉಸಿರಾಡುವ ಇನ್ನೊಂದು ಜೀವ ಹೀಗೆ ಸೌದೆಯ ಲೆಕ್ಕದಲ್ಲಿ ಬಂತು. ಹಲ್ಲಿಗಳನ್ನು ನಾನು ಎಣಿಸುವುದಿಲ್ಲ.

ಎಷ್ಟು ಎಕರೆ?

ಬಾಟನಿ ಮೇಷ್ಟ್ರು ಎರಡೇ ಮಾತು ಹೇಳಿದ್ದರು. "ಮಣ್ಣು ಹಾಕ್ಬೇಡಿ. ನೆತ್ತೀಲಿ ನೀರು ನಿಲ್ಲೋಕೆ ಬಿಡ್ಬೇಡಿ. ಇದಕ್ಕೆ ಬೆಳೆಯೋ ತುದಿ ಒಂದೇ. ಅದು ಕೊಳೆತ್ರೆ ಕಥೆ ಮುಗೀತು."

ಇದ್ದಿಲಿನ ಚೂರು ತುಂಬಿದ ಬುಟ್ಟಿಯಲ್ಲಿ ಕಟ್ಟಿ ಬಾಲ್ಕನಿಯಲ್ಲಿ ತೂಗುಹಾಕಿದೆ. ಮೊದಲ ವರ್ಷ ಹೂ ಬಿಟ್ಟಿತು. ಕುರ್ಚಿಯನ್ನು ಅದರ ಎದುರಿಗೆ ಹಾಕಿಕೊಂಡು ದಿನಾ ಸಂಜೆ ಕಾಫಿ ಕುಡಿದೆ. ನೋಡಿದ್ದು ನಾನೊಬ್ಬಳೇ. ಇನ್ನೊಂದು ಸಲ ಅದು ಹೂ ಬಿಡುವುದನ್ನು ನೋಡಬೇಕು ಎಂದುಕೊಂಡೆ. ಆಗ ಬದುಕಿನಲ್ಲಿ ನಾನು ಕಾಯುತ್ತಿದ್ದ ಸಂಗತಿ ಅದೊಂದೇ, ಟೆಲಿಫೋನ್ ಕನೆಕ್ಷನ್ ಬಿಟ್ಟರೆ.

ದೀಪಾವಳಿ ಕಳೆಯಿತು. ಕೆಳಗೆ ಓನರ್ ಅಮ್ಮನ ಮಗ ಕಾರು ಕೊಂಡಿದ್ದ. ಕಾರು ನಿಲ್ಲಿಸಲು ದಾಸವಾಳ, ನಂದಿಬಟ್ಟಲು ಎಲ್ಲ ಕಿತ್ತು ಅಂಗಳಕ್ಕೆ ಗೋಡೆಯಿಂದ ಗೋಡೆಗೆ ಸಿಮೆಂಟು ಬಳಿಸಿದ. ಆ ಗಲಾಟೆ ಮುಗಿಯಿತು ಎನ್ನುವಷ್ಟರಲ್ಲಿ ಗಿಡದ ನೆತ್ತಿಯ ಹತ್ತಿರ ಎಲೆಯ ಬುಡದಲ್ಲಿ ಕಪ್ಪು ಮಚ್ಚೆ ಕಂಡಿತು. ಒತ್ತಿದರೆ ಮೆತ್ತಗೆ. ಮೂಸಿದರೆ ಹುಳಿ. ಫಂಗಸ್.

ಪೇಟೆಯ ಗೊಬ್ಬರ-ಔಷಧಿ ಅಂಗಡಿಗೆ ಹೋದೆ. ಅಂಗಡಿಯವರು ತಲೆ ಎತ್ತಲಿಲ್ಲ.

"ಕೊಳೆಗಾ? ಎಷ್ಟು ಎಕರೆ?"

"ಒಂದು ಗಿಡ."

ಈಗ ತಲೆ ಎತ್ತಿದರು. "ಒಂದು ಗಿಡಕ್ಕೆ ರೋಗ ಬಂದಿದೆ, ಸರಿ. ತೋಟ ಎಷ್ಟು ಎಕರೆ?"

"ತೋಟವೇ ಒಂದು ಗಿಡ."

"ಯಜಮಾನ್ರನ್ನ ಕಳಿಸಿ ಮೇಡಂ, ಅವ್ರಿಗೆ ಗೊತ್ತಿರುತ್ತೆ."

"ಯಜಮಾನರಿಲ್ಲ."

"ಊರಲ್ಲಿಲ್ವಾ?"

"ಎಲ್ಲೂ ಇಲ್ಲ."

ಅವರಿಗೆ ಮರುಕ ಬಂತು. ಒಂದು ಕಿಲೋದ ಪ್ಯಾಕೆಟ್ ಎತ್ತಿಕೊಟ್ಟರು. ಅದಕ್ಕಿಂತ ಸಣ್ಣದು ಬರುವುದಿಲ್ಲವಂತೆ. ಒಂದು ಸಲಕ್ಕೆ ಚಮಚದ ತುದಿಯಷ್ಟು ಸಾಕು. ಈ ಲೆಕ್ಕದಲ್ಲಿ ಆ ಪ್ಯಾಕೆಟ್ ನನ್ನ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಮೊಮ್ಮಕ್ಕಳ ವ್ಯವಸ್ಥೆ ಮಾತ್ರ ಬೇರೆ ಮಾಡಿಕೊಳ್ಳಬೇಕು.

ಕರೀದು

ಔಷಧಿ ಹೊಡೆದೆ. ಬ್ಲೇಡನ್ನು ಬೆಂಕಿಯಲ್ಲಿ ಕಾಯಿಸಿ ಕೊಳೆತ ಭಾಗ ಕತ್ತರಿಸಿದೆ. ಗಾಯಕ್ಕೆ ಅರಿಶಿನ ಒತ್ತಿದೆ. ಗಾಳಿಯಾಡಲಿ ಎಂದು ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿಟ್ಟು ನಾನು ಬೆವರುತ್ತ ಮಲಗಿದೆ. ನೀರು ಹಾಕುವುದನ್ನು ವಾರಕ್ಕೊಮ್ಮೆಗೆ ಇಳಿಸಿದೆ. ಮಚ್ಚೆ ಒಂದು ಎಲೆಯಿಂದ ಇನ್ನೊಂದು ಎಲೆಗೆ ಹೋಯಿತು.

ಕತ್ತರಿಸಿದ ತುಂಡನ್ನು ಬಾಟನಿ ಮೇಷ್ಟ್ರಿಗೆ ಕೊಟ್ಟೆ. ಅವರು ಮೈಕ್ರೋಸ್ಕೋಪಿನ ಬೀಗ ತೆಗೆಸಿ, ಮಸೂರ ಒರೆಸಿ, ಒಂದು ಕಣ್ಣು ಮುಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ನನ್ನ ಯಾವ ವಸ್ತುವನ್ನೂ ಯಾರೂ ನೋಡಿದ್ದಿಲ್ಲ.

"ಫಂಗಸ್ ಮೇಡಂ."

"ಅದು ನನಗೂ ಗೊತ್ತು ಸಾರ್. ಯಾವ ಫಂಗಸ್?"

ಮತ್ತೆ ಬಗ್ಗಿದರು. ನಾಬ್ ತಿರುಗಿಸಿದರು. ಉಸಿರು ಬಿಗಿಹಿಡಿದರು.

"ಕರೀದು."

ಕಿಟಕಿ ಸೀಟು

ಗಿಡದ ವಿಷಯ ಬಸ್ಸಿನಲ್ಲಿ ಗೊತ್ತಿದ್ದುದು ಕಂಡಕ್ಟರ್ ಒಬ್ಬನಿಗೇ. ಸೌದೆಗೆ ಜೀವವಿದೆ ಎಂದು ವಾದಿಸಿದ ಹೆಂಗಸನ್ನು ಅವನು ಮರೆತಿರಲಿಲ್ಲ. ಟಿಕೆಟ್ ಹರಿಯುತ್ತ ದಿನಾ ವಿಚಾರಿಸುತ್ತಿದ್ದ.

"ಹೆಂಗಿದೆ ಮೇಡಂ ಮನೇಲಿ?"

"ಇನ್ನೂ ಕೊಳೀತಾನೇ ಇದೆ. ನಿನ್ನೆ ಮತ್ತೆ ಒಂದು ಚೂರು ಕತ್ತರಿಸಿ ಅರಿಶಿನ ಹಚ್ಚಿದೀನಿ."

ಆಗ ಮೊಬೈಲ್ ಇರಲಿಲ್ಲ. ಜನ ಬಸ್ಸಿನಲ್ಲಿ ಪಕ್ಕದವರ ಮಾತನ್ನೇ ಕೇಳುತ್ತಿದ್ದರು. ನನ್ನ ಹಿಂದೆ ನಿಂತಿದ್ದವರು ಭದ್ರಾವತಿಯ ಕಾರ್ಖಾನೆ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುವ ಅಕ್ಕ. ಅವರು ನನ್ನ ಭುಜ ಮುಟ್ಟಿದರು.

"ಶುಗರ್ರಾ?"

"ಅಲ್ಲ, ಫಂಗಸ್."

"ಅಯ್ಯೋ ಶಿವನೇ. ಹಗಲೆಲ್ಲ ಯಾರು ನೋಡ್ಕೊಳ್ತಾರೆ?"

"ಯಾರೂ ಇಲ್ಲ. ಬಾಗಿಲು ಹಾಕಿ ಬರ್ತೀನಿ. ಫ್ಯಾನ್ ಹಾಕಿಟ್ಟಿರ್ತೀನಿ."

"ಊಟ?"

"ವಾರಕ್ಕೊಂದ್ಸಲ ನೀರು. ಜಾಸ್ತಿ ಕೊಟ್ಟರೆ ಕೊಳೆತ ಹೆಚ್ಚಾಗುತ್ತೆ."

ಸುತ್ತ ನಿಂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ಆ ಅಕ್ಕ ಕಿಟಕಿಯ ಬಳಿ ಕೂತಿದ್ದ ಕಾಲೇಜು ಹುಡುಗಿಯನ್ನು ಎಬ್ಬಿಸಿದರು. "ಏಳಮ್ಮ, ಪಾಪ, ಇವರ ಮನೆಯವ್ರಿಗೆ ಹುಷಾರಿಲ್ಲ."

ಆಗ ನನಗೆ ವಿಷಯ ತಿಳಿಯಿತು. ತಿದ್ದಬಹುದಿತ್ತು. ಆದರೆ ಕಿಟಕಿಯಿಂದ ಒಳ್ಳೆಯ ಗಾಳಿ ಬರುತ್ತಿತ್ತು. ಮರುದಿನವೂ ಸೀಟು ಕಾದಿತ್ತು. ಒಬ್ಬರು ಕಷಾಯದ ಪುಡಿ ಕೊಟ್ಟರು. ಇನ್ನೊಬ್ಬರು ಹರಕೆ ಹೊತ್ತರು. ಬೆಳಗಾದರೆ ನಾಲ್ಕು ಜನ ನನ್ನ ಮುಖ ನೋಡಿ "ರಾತ್ರಿ ನಿದ್ದೆ ಆಯ್ತಾ?" ಎಂದು ಕೇಳುತ್ತಿದ್ದರು. ಇದ್ದ ಗಂಡಂದಿರಿಂದ ಇಷ್ಟು ಪ್ರಯೋಜನವಾದದ್ದನ್ನು ನಾನು ಸ್ಟಾಫ್ ರೂಮಿನಲ್ಲಿ ಯಾರ ಬಾಯಿಂದಲೂ ಕೇಳಿಲ್ಲ.

ಬುಸ್ಸೆಂದ ಪುಡಿ

ಸಂಕ್ರಾಂತಿಯ ಹೊತ್ತಿಗೆ ಹೊಸ ಲಕ್ಷಣ ಕಂಡಿತು. ಎಲೆಗಳ ಮೇಲೆ ತೆಳ್ಳಗೆ ಬಿಳಿ ಪುಡಿ. ನೆತ್ತಿಯಲ್ಲಿ ಅಂಟು. ಬುಟ್ಟಿಯ ತುಂಬ ಇರುವೆ. ಬಾಟನಿ ಮೇಷ್ಟ್ರು ವರ್ಣನೆ ಕೇಳಿಯೇ "ಬೂದಿ ರೋಗ, ಗಂಧಕ ಹೊಡೀರಿ" ಎಂದರು. ಈ ಸಲ ಬಣ್ಣ ಕೇಳುವ ಅಗತ್ಯ ಬೀಳಲಿಲ್ಲ.

ಗಂಧಕ ಹೊಡೆದೆ. ಎಲೆ ತೊಳೆದೆ. ಮರುದಿನ ಸಂಜೆ ಬರುವಷ್ಟರಲ್ಲಿ ಪುಡಿ ಮತ್ತೆ ಹಾಜರು. ಹೀಗೇ ನಡೆದ ಮೇಲೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಭಾನುವಾರ ಪುಡಿ ಬರುವುದಿಲ್ಲ. ಎರಡನೇ ಶನಿವಾರ ಬರುವುದಿಲ್ಲ. ಗಣರಾಜ್ಯೋತ್ಸವದ ದಿನವೂ ಬರಲಿಲ್ಲ. ಸೋಮವಾರ ಮಾತ್ರ ಎಲ್ಲ ಬಾಕಿ ತೀರಿಸುವಂತೆ ದಪ್ಪಗೆ ಬಂದು, ಜೊತೆಗೆ ಹುಳಿ ವಾಸನೆಯನ್ನೂ ತರುತ್ತದೆ. ಸರ್ಕಾರಿ ರಜೆ ಪಾಲಿಸುವ ಫಂಗಸ್ ಯಾವ ಪುಸ್ತಕದಲ್ಲೂ ಇಲ್ಲ.

ಪುಡಿಯನ್ನು ಕಾಗದದ ಮೇಲೆ ಕೆರೆದು ಕಾಲೇಜಿಗೆ ಒಯ್ದೆ. ನನ್ನ ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಇಲ್ಲ, ಆಸಿಡ್ ಇದೆ. ಒಂದು ಹನಿ ಬಿಟ್ಟೆ. ಬುಸ್ಸೆಂದು ನೊರೆಯೆದ್ದಿತು.

ಫಂಗಸ್ ಬುಸ್ಸೆನ್ನುವುದಿಲ್ಲ. ಬುಸ್ಸೆನ್ನುವುದು ಸುಣ್ಣದ ಜಾತಿಯದು, ಸೀಮೆಸುಣ್ಣವೋ ವಿಭೂತಿಯೋ ಅಂಥದ್ದು. ಬಾಲ್ಕನಿಯ ಗೋಡೆಗೆ ಬಳಿದದ್ದು ಎಣ್ಣೆ ಬಣ್ಣ, ಉದುರುವುದಿಲ್ಲ. ಅಂದರೆ ನಾನಿಲ್ಲದಾಗ ಯಾರೋ ಬರುತ್ತಿದ್ದಾರೆ. ನನ್ನ ಮನೆಗೆ ಯಾರೂ ಬರುವುದಿಲ್ಲ ಎಂದುಕೊಂಡಿದ್ದೆ. ಬರುತ್ತಿದ್ದರು, ನಾನಿಲ್ಲದಿರುವಾಗ.

ರಜೆಗೆ ಅರ್ಜಿ ಕೊಟ್ಟೆ. ಪ್ರಿನ್ಸಿಪಾಲರು ಕಾರಣ ಕೇಳಿದರು. "ಮನೆಯಲ್ಲಿ ಕಾಯಿಲೆ" ಎಂದೆ. ಅವರು ತಕ್ಷಣ ಸಹಿ ಹಾಕಿ, ಮೆಲ್ಲಗೆ, "ಬಸ್ಸಿನಲ್ಲಿ ಕೇಳ್ದೆ" ಎಂದರು.

ಒರೆಸುವ ಬಟ್ಟೆ

ಬಾಗಿಲು ಹಾಕಿ, ಪರದೆ ಎಳೆದು, ಕಿಟಕಿಯ ಹಿಂದೆ ಕೂತೆ. ಕೆಳಗೆ ಕಾರು ಹೊರಟಿತು, ಮಗ ಸೊಸೆ ಕೆಲಸಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಸದ್ದು. ಒಂದೊಂದು ಮೆಟ್ಟಿಲಿಗೂ ಒಂದು "ಶಿವಾ". ಓನರ್ ಅಮ್ಮ, ಹಣೆ ತುಂಬ ವಿಭೂತಿ, ಕೈಯಲ್ಲಿ ತಾಮ್ರದ ಚೊಂಬು.

ಬಂದವರು ನನ್ನ ಕುರ್ಚಿಯಲ್ಲಿ ಕೂತರು. ಮಂಡಿ ನೀವಿಕೊಂಡರು. ಆಮೇಲೆ ಗಿಡದ ಜೊತೆ ಮಾತಿಗೆ ತೊಡಗಿದರು.

"ಏನೇ ಮಾರಾಯ್ತಿ, ಹಿಂಗೆ ಸೊರಗಿದೀಯ? ನಿಮ್ಮ ಮೇಡಂ ನಿಂಗೊಂದು ಹಿಡಿ ಮಣ್ಣೂ ಹಾಕಿಲ್ಲ. ಬರೀ ಇದ್ದಿಲು. ಅವ್ರೂ ಅಷ್ಟೇ, ಏನು ತಿಂತಾರೋ, ಒಗ್ಗರಣೆ ವಾಸನೆನೇ ಬರಲ್ಲ. ಪಾಪ, ಯಾರೂ ಇಲ್ಲ. ಮಾತಾಡ್ಸೋಣ ಅಂದ್ರೆ ಕಚ್ಚೋಕೆ ಬರ್ತಾರೆ."

ಗಿಡ ಏನೂ ಹೇಳಲಿಲ್ಲ.

"ನಂದೂ ಅದೇ ಕಥೆ ಬಿಡು. ಮಗ ಬಂದ್ರೆ ಟಿವಿ, ಸೊಸೆ ಬಂದ್ರೆ ತಲೆನೋವು. ನೀನೊಬ್ಳು ಕೇಳ್ತೀಯ." ಎದ್ದು ನಿಂತು, ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಗಿಡದ ನೆತ್ತಿಯ ಮೇಲೆ ಭಕ್ತಿಯಿಂದ ಸುರಿದರು.

ನಾನು ಬಾಗಿಲು ತೆಗೆದೆ. ಅವರು ಬೆಚ್ಚಲಿಲ್ಲ.

"ಇವತ್ತು ರಜಾನಾ ಮೇಡಂ? ಹುಷಾರಿಲ್ವಾ?"

"ನನಗಲ್ಲಮ್ಮ, ಗಿಡಕ್ಕೆ."

"ಅದಕ್ಕೇ ತೀರ್ಥ ಹಾಕ್ತಿರೋದು."

ವಿಷಯ ಸರಳವಾಗಿತ್ತು. ದೇವರ ಅಭಿಷೇಕದ ನೀರು ತುಳಿಯುವ ಜಾಗಕ್ಕೆ ಬೀಳಬಾರದು, ಮೋರಿಗೂ ಹೋಗಬಾರದು. ಗಿಡದ ಬುಡಕ್ಕೇ ಹೋಗಬೇಕು. ಅಂಗಳದಲ್ಲಿ ದಾಸವಾಳವಿದ್ದಾಗ ದಾಸವಾಳಕ್ಕೆ ಹೋಗುತ್ತಿತ್ತು. ಅಂಗಳಕ್ಕೆ ಸಿಮೆಂಟು ಬಿದ್ದ ಮೇಲೆ ಇಡೀ ಮನೆಯಲ್ಲಿ ಉಳಿದ ಹಸಿರು ನನ್ನದೊಂದೇ. ಅದಕ್ಕೆ ಮಣ್ಣಿನ ಬುಡ ಕಾಣಲಿಲ್ಲವಾದ್ದರಿಂದ ನೆತ್ತಿಗೇ ಸುರಿದರು. ಗಿಡ ಸೊರಗಿದ್ದು ಕಂಡು ಸಂಕ್ರಾಂತಿಯಿಂದ ಅದಕ್ಕೆ ವಿಭೂತಿಯನ್ನೂ ಕಲಸುತ್ತಿದ್ದರಂತೆ.

"ಭಾನುವಾರ ಯಾಕೆ ಬರಲ್ಲ?"

"ಮಗ ಮನೇಲಿರ್ತಾನಲ್ಲ. ಮಂಡಿ ನೋವಲ್ಲಿ ಮೆಟ್ಟಿಲು ಹತ್ತಿದ್ರೆ ಬಯ್ತಾನೆ. ರಜೆ ದಿನದ್ದು ಚೊಂಬಲ್ಲೇ ಇಟ್ಟಿದ್ದು ಮಾರನೇ ದಿನ ಹಾಕ್ತೀನಿ."

"ಅದು ಹುಳಿ ಬಂದಿರುತ್ತಲ್ಲಮ್ಮ!"

"ಸ್ವಲ್ಪ ನೊರೆ ಬಂದಿರುತ್ತೆ. ದೇವರದ್ದು ಕೆಡಲ್ಲ."

ನಾನು ಪಾಠ ಶುರು ಮಾಡಿದೆ. ಹಾಲು, ಜೇನುತುಪ್ಪ, ಬಾಳೆಹಣ್ಣು, ಸಕ್ಕರೆ. ಫಂಗಸ್ಸನ್ನು ಬೇಕೆಂದೇ ಬೆಳೆಸುವ ಲ್ಯಾಬುಗಳಲ್ಲೂ ಅದಕ್ಕೆ ಇಷ್ಟು ಒಳ್ಳೆಯ ಊಟ ಹಾಕುವುದಿಲ್ಲ. ನೆತ್ತಿಯಲ್ಲಿ ತೇವ ನಿಂತರೆ ಸಾಕು, ಅದು ಒಳಗಿಳಿಯುತ್ತದೆ. ಇರುವುದು ಒಂದೇ ತುದಿ. ಅವರು ಪೂರ್ತಿ ಕೇಳಿದರು. ನನ್ನ ವಿದ್ಯಾರ್ಥಿಗಳು ಹಾಗೆ ಕೇಳಿದ್ದಿಲ್ಲ.

"ನೋಡಿ ಮೇಡಂ, ಮದುವೆಯಾಗಿ ಬಂದಾಗಿಂದ ಶಿವನ ನೆತ್ತಿ ಮೇಲೆ ಇದನ್ನೇ ಹಾಕ್ತಿದೀನಿ. ಶಿವನಿಗೆ ಬೂಷ್ಟು ಬಂದಿಲ್ಲ."

"ಶಿವನನ್ನ ಆಮೇಲೆ ಒರೆಸ್ತೀರಲ್ಲಮ್ಮ."

ಅವರು ಬಗ್ಗಿ ಗಿಡವನ್ನು ನೋಡಿದರು. ನೆತ್ತಿಯಲ್ಲಿ ಹಾಲುನೀರು ನಿಂತಿತ್ತು, ಒಂದು ಇರುವೆ ಈಜುತ್ತಿತ್ತು.

"ಅಯ್ಯೋ, ಹೌದಲ್ಲ. ಇಷ್ಟು ದಿನ ಇದನ್ನ ಒದ್ದೇಲೇ ಬಿಟ್ಟು ಹೋಗ್ತಿದ್ನಲ್ಲ!"

ಸೆರಗಿನಿಂದ ಆಗಲೇ ಒರೆಸಿದರು. ಮರುದಿನ ನಾನು ಕುಂಡದಲ್ಲಿ ಮಣ್ಣು ತುಂಬಿ ಒಂದು ಕ್ರೋಟನ್ ತಂದಿಟ್ಟೆ. ಅಭಿಷೇಕದ ನೀರು ಕ್ರೋಟನ್ನಿಗೆ, ಮಡಿಬಟ್ಟೆ ಸೀತಾಳೆ ದಂಡೆಗೆ ಎಂದು ಒಪ್ಪಂದವಾಯಿತು. ನಾನು ನೀರು ಹಾಕಿದ ದಿನ ಅವರು ಬಂದು, ಎಣ್ಣೆಸ್ನಾನವಾದ ಮಗುವಿನ ತಲೆ ಒರೆಸುವಂತೆ ಎಲೆಯ ಸಂದುಸಂದನ್ನೂ ಒಣಗಿಸುತ್ತಿದ್ದರು. ಅಳಿದುಳಿದ ನೆತ್ತಿ ಗಟ್ಟಿಯಾಯಿತು. ಹೊಸ ಎಲೆಯ ಮೊನೆ ಬಂತು.

ಬಾಟನಿ ಮೇಷ್ಟ್ರು ಅಚ್ಚರಿಪಟ್ಟರು. "ಕೊನೆಗೆ ಏನು ಹಾಕಿದ್ರಿ ಮೇಡಂ?"

"ಮಡಿಬಟ್ಟೆ."

ಅವರು ಜೇಬಿನಿಂದ ಪೆನ್ನು ತೆಗೆದರು. "ಕಂಪನಿ ಯಾವುದು?"

ದಂಡೆ

ಅಮ್ಮ ಈಗ ಭಾನುವಾರವೂ ಬರತೊಡಗಿದರು. ಮಗ ಕೇಳಿದರೆ "ಮೇಲಿನ ಮೇಡಮ್ಮಿಗೆ ಹುಷಾರಿಲ್ಲ, ನೋಡ್ಕೊಂಡು ಬರ್ತೀನಿ" ಎನ್ನುತ್ತಿದ್ದರಂತೆ. ಹೀಗೆ ಬಸ್ಸಿನಲ್ಲಿ ನನ್ನ ಗಂಡ ರೋಗಿ, ಮನೆಯಲ್ಲಿ ನಾನು ರೋಗಿ. ಆರೋಗ್ಯವಾಗಿದ್ದುದು ಗಿಡ ಒಂದೇ. ಮಾರ್ಕೆಟ್ಟಿಗೆ ಹೋಗಿ ಇನ್ನೊಂದು ಪ್ಲಾಸ್ಟಿಕ್ ಕುರ್ಚಿ ತಂದೆ. ಅಮ್ಮ ನೋಡಿ "ಯಾರಾದ್ರೂ ಬರ್ತಾರಾ?" ಎಂದರು. "ಗೊತ್ತಿಲ್ಲ, ಇರಲಿ" ಎಂದೆ. ಅವರು ಅದರಲ್ಲಿ ಕೂತರು.

ಮೇ ಕೊನೆಗೆ ಎಲೆಯ ಸಂದಿನಿಂದ ಮೊಗ್ಗಿನ ಎಳೆ ಇಳಿಯಿತು. ಕಾಲೇಜು ತೆರೆದು, ಮೊದಲ ಮಳೆ ಬಿದ್ದ ವಾರ ಇಡೀ ದಂಡೆ ಅರಳಿತು. ಒಂದು ಸಂಜೆ ಕಾಫಿ ಹಿಡಿದು ಎದುರಿಗೆ ಕೂತೆ. ಮರುದಿನ ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕುತ್ತಿದ್ದಾಗ ಬೆನ್ನ ಹಿಂದೆ ಕಟ್ ಎಂದು ಸದ್ದಾಯಿತು.

ಅಮ್ಮನ ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ದಂಡೆ.

"ಅಮ್ಮಾ! ಏನ್ಮಾಡಿದ್ರಿ?"

"ಯಾಕೆ, ಹೂ ಬಿಟ್ಟಿತ್ತು." ದಂಡೆಯನ್ನು ಎರಡು ತುಂಡು ಮಾಡಿದರು. "ಇದು ಶಿವನಿಗೆ. ಇದು ನಿಂಗೆ. ತಿರುಗು."

ಅವರು ನನ್ನನ್ನು ನೀನು ಎಂದದ್ದು ಅದೇ ಮೊದಲು.

"ನಾನು ಹೂ ಮುಡಿಯಲ್ಲಮ್ಮ."

"ಮುಡಿಯೋ ಹಾಗಿಲ್ಲದೋಳು ನಾನು. ನಿಂಗೇನಾಗಿದೆ? ಗಿಡದಲ್ಲೇ ಬಿಟ್ರೆ ಯಾರು ನೋಡ್ತಾರೆ? ತಿರುಗು ಮಾರಾಯ್ತಿ, ಬಸ್ಸಿಗೆ ಹೊತ್ತಾಗುತ್ತೆ."

ವರ್ಷವಿಡೀ ಬ್ಲೇಡು, ಗಂಧಕ, ಆಸಿಡ್ ಹಿಡಿದು ಕಾಯ್ದದ್ದು ಒಂದೇ ಸಂಜೆಯಲ್ಲಿ ಮುಗಿದಿತ್ತು. ತಿರುಗಿದೆ.

ಬಸ್ಸು ಹತ್ತಿ ನನ್ನ ಕಿಟಕಿ ಸೀಟಿನಲ್ಲಿ ಕೂತೆ. ಆಸ್ಪತ್ರೆಯ ಅಕ್ಕ ನನ್ನ ಮುಖ ನೋಡಿದರು, ಜಡೆ ನೋಡಿದರು, ಅವರ ಕಣ್ಣು ಅರಳಿತು.

"ಹುಷಾರಾದ್ರಾ?"

"ಹೂಂ. ಪೂರ್ತಿ."

ಮಾತು ಹಿಂದಿನ ಸೀಟಿನವರೆಗೆ ಹೋಯಿತು. ಹರಕೆ ಹೊತ್ತವರು ಅಲ್ಲಿಂದಲೇ ಕೈ ಮುಗಿದರು. ಕಷಾಯದವರು "ನಾನು ಹೇಳಿರ್ಲಿಲ್ವಾ?" ಎಂದರು. ಅಷ್ಟು ಜನ ಒಟ್ಟಿಗೆ ನನ್ನ ಸಲುವಾಗಿ ಸಂತೋಷಪಟ್ಟದ್ದು 'ಮದುವೆ ಗೊತ್ತಾಗಬಹುದು' ಎಂಬ ಸುದ್ದಿ ಹಬ್ಬಿದ್ದಾಗಲೂ ಇಲ್ಲ. ಅಕ್ಕ ಪ್ರೀತಿಯಿಂದ ನನ್ನ ಬೆನ್ನು ಸವರಿದರು.

"ಒಳ್ಳೇದಾಯ್ತು ಬಿಡಿ. ಹಂಗಾದ್ರೆ ಇನ್ನು ಏಳಿ ಮೇಡಂ. ಹಿಂದೆ ಒಬ್ರು ಪಾಪ ನಿಂತಿದಾರೆ, ಅವರ ಮಾವನಿಗೆ ಆಪರೇಷನ್."

ಎದ್ದೆ. ಕಂಬಿ ಹಿಡಿದು ನಿಂತೆ. ಜನರ ನಡುವೆ ನುಸುಳುತ್ತ ಕಂಡಕ್ಟರ್ ಬಂದ. ಬಸ್ಸಿನಲ್ಲಿ ನಿಜ ಗೊತ್ತಿದ್ದವನು ಅವನೊಬ್ಬ, ಇಷ್ಟು ತಿಂಗಳೂ ಬಾಯಿ ಬಿಟ್ಟಿರಲಿಲ್ಲ. ಜಡೆಯ ಕಡೆ ಬಗ್ಗಿ ನೋಡಿದ.

"ಇದು ಆ ಸೌದೇನಾ ಮೇಡಂ?"

"ಅದೇ. ಲಗೇಜ್ ಹಾಕ್ತೀಯಾ?"

ಅವನು ಯೋಚಿಸಿದ. ಟಿಕೆಟ್ ಹರಿದು ಕೈಗಿಟ್ಟ.

"ಬೇಡ ಬಿಡಿ. ಅದೂ ನಿಂತ್ಕೊಂಡೇ ಬರ್ತಿದೆಯಲ್ಲ."